ನಾನು ಕಳಿಸಿದ ಒಂದು ನಕ್ಷತ್ರ

ನಮ್ಮ ಕಡೆಯ ಜನರ ಹತ್ತಿರ ಅಭಿಪ್ರಾಯ ಕೇಳಬಾರದು. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಚಲೋ ಆಗಿತ್ತು." ಮದುವೆ ಮನೆಯಲ್ಲಿ ಸಾರಿಗೆ ಉಪ್ಪೇ ಬಿದ್ದಿರುವುದಿಲ್ಲ. ಎಲೆಯ ತುದಿಯಲ್ಲಿ ಬಡಿಸಿದ ಉಪ್ಪನ್ನು ಸುಮ್ಮನೆ ಕಲಸಿಕೊಂಡು ಉಣ್ಣುತ್ತಾರೆ. ಕೈ ತೊಳೆಯುವಾಗ ಮನೆಯ ಯಜಮಾನರು ಕೇಳಿದರೆ "ಚಲೋ ಆಗಿತ್ತು" ಎಂದು ಹೇಳಿ ಹೊರಡುತ್ತಾರೆ. ಉಪ್ಪಿನ ಮಾತು ಬರುವುದು ಬಸ್ಸು ಹತ್ತಿ ಕುಳಿತ ಮೇಲೆ. ಇದು ಸುಳ್ಳು ಅಂತ ನಮಗೆ ಯಾರಿಗೂ ಅನಿಸುವುದೇ ಇಲ್ಲ. ನಾಳೆ ಮತ್ತೆ ಮೀನು ಪೇಟೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಅದೇ ಮುಖ ನೋಡಬೇಕಲ್ಲ.

ಇಂಥ ಊರಿನಲ್ಲಿ ವೆಬ್ ಡೆವಲಪರುಗಳ ಒಂದು ದಿನದ ಸಮ್ಮೇಳನ ಮಾಡಿ, ಬಂದವರಿಂದ ಪ್ರತಿಯೊಂದು ಭಾಷಣಕ್ಕೂ ಅಭಿಪ್ರಾಯ ಬರೆಸಿಕೊಳ್ಳುವ ಕೆಲಸಕ್ಕೆ ಕೈ ಹಾಕಿದ ಜಾಣೆ ನಾನು.

ಕಾರವಾರದ ಹಬ್ಬುವಾಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕುಳಿತು ಹೋಟೆಲು, ಶಾಲೆ, ಸೊಸೈಟಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಅದಕ್ಕೂ ಮೊದಲು ಅದೇ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ನಮ್ಮಲ್ಲಿ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಅನ್ನುವುದು ರೂಢಿ. ಕ್ಲಾಸು ಮುಚ್ಚಿ ಎಷ್ಟೋ ವರ್ಷವಾದರೂ ಗೊತ್ತಿದ್ದವರಿಗೆಲ್ಲ ನಾನಿನ್ನೂ ಅಕ್ಕೋರೇ. ಮೂಗಿನ ತುದಿಯಲ್ಲಿ ಸಿಟ್ಟಿರುವ ಅಕ್ಕೋರು ಅಂತ ಹಿಂದಿನಿಂದ ಹೇಳುತ್ತಾರಂತೆ. ನನ್ನೆದುರು ಯಾರೂ ಹೇಳಿಲ್ಲ. ಎದುರಿಗೆ ಎಲ್ಲವೂ ಚಲೋ.

ಸಮ್ಮೇಳನಕ್ಕೆ ಕಾರವಾರ, ಅಂಕೋಲೆಯ ಐದಾರು ಮಂದಿ ಸೇರಿದ್ದೆವು. ಒಬ್ಬರು ಸಭಾಂಗಣ ನೋಡಿಕೊಂಡರು, ಒಬ್ಬರು ಊಟ ನೋಡಿಕೊಂಡರು, ನನ್ನ ಪಾಲಿಗೆ ಬಂದದ್ದು ಫೀಡ್‌ಬ್ಯಾಕ್ ಫಾರ್ಮು. ಸಿದ್ಧವಾಗಿ ಸಿಗುವ ಫಾರ್ಮೇ ಸಾಕು ಅಂದರು ಎಲ್ಲರೂ. ನಾನು ಕೇಳಬೇಕಲ್ಲ! ವೆಬ್ ಡೆವಲಪರುಗಳು ಸೇರುವಲ್ಲಿ ಬೇರೆ ಯಾರೋ ಮಾಡಿಟ್ಟ ಫಾರ್ಮು ಅಂದರೆ ನಾಚಿಕೆಗೇಡು ಅಂತ ಹಟ ಹಿಡಿದು ನಾನೇ ಮಾಡಿದೆ. ಬಂಗಾರದ ಬಣ್ಣದ ಐದು ನಕ್ಷತ್ರಗಳು, ಬೆರಳು ಮುಟ್ಟಿದ ಕೂಡಲೇ ಮಿನುಗಿ ತುಂಬಿಕೊಳ್ಳುತ್ತಿದ್ದವು. ಕೆಳಗೆ ನಾಲ್ಕು ಸಾಲು ಬರೆಯಲು ಜಾಗ. ಹೆಸರು ಕೇಳುತ್ತಿರಲಿಲ್ಲ. ಒಂದು ಭಾಷಣಕ್ಕೆ ಒಬ್ಬರು ಒಂದೇ ಸಲ ಕಳಿಸಬಹುದು, ಕಳಿಸಿದ ಮೇಲೆ ತಿದ್ದುವ ಹಾಗಿಲ್ಲ. ನೋಡಿದವರೆಲ್ಲ ಚಂದ ಉಂಟು ಅಂದರು. ನಾನೂ ನಂಬಿದೆ.

ಮೊದಲ ಸಭೆಯಲ್ಲಿ ಇನ್ನೊಂದು ತೀರ್ಮಾನವೂ ಆಗಿತ್ತು. ಅದನ್ನು ಸೂಚಿಸಿದವಳೂ ನಾನೇ. ಯಾರಾದರೂ ಒಂದೋ ಎರಡೋ ನಕ್ಷತ್ರ ಕೊಟ್ಟು, ಯಾಕೆ ಅಂತ ಒಂದು ಮಾತನ್ನೂ ಬರೆಯದೆ ಹೋಗಿದ್ದರೆ ಅದನ್ನು ಭಾಷಣಕಾರರಿಗೆ ಕಳಿಸಬಾರದು. ಕಾರಣ ಹೇಳದೆ ಕೊಟ್ಟ ಕಡಿಮೆ ಅಂಕದಿಂದ ಯಾರೂ ಏನೂ ಕಲಿಯುವುದಿಲ್ಲ, ಮನಸ್ಸು ಹಾಳಾಗುತ್ತದೆ ಅಷ್ಟೇ ಅಂತ ದೊಡ್ಡ ಬಾಯಿ ಮಾಡಿ ಹೇಳಿದ್ದೆ. ಎಲ್ಲರೂ ತಲೆ ಆಡಿಸಿದರು. ಅವಳೂ ಆಡಿಸಿದ್ದಳು.

ಅವಳು ಅಂದರೆ ಅಂಕೋಲೆಯ ಬೊಬ್ರುವಾಡದ ಹುಡುಗಿ. ಈಗ ಮೂವತ್ತು ದಾಟಿದೆ, ನನ್ನ ಬಾಯಲ್ಲಿ ಮಾತ್ರ ಇನ್ನೂ ಹುಡುಗಿಯೇ. ಪಿಯುಸಿ ಮುಗಿಸಿ ನನ್ನ ಕ್ಲಾಸಿಗೆ ಬಂದವಳು. ಮೌಸು ಹಿಡಿಯುವುದರಿಂದ ಹಿಡಿದು ಎಲ್ಲ ನಾನೇ ಹೇಳಿಕೊಟ್ಟದ್ದು. ಆಮೇಲೆ ಹತ್ತು ವರ್ಷ ನನ್ನ ಜೊತೆಯಲ್ಲೇ ಕೆಲಸ ಮಾಡಿದಳು. ಎರಡು ವರ್ಷದ ಹಿಂದೆ ಯಾವುದೋ ದೊಡ್ಡ ಕಂಪನಿಯ ಕೆಲಸ ಸಿಕ್ಕಿತು, ಈಗ ಅಂಕೋಲೆಯ ಮನೆಯಿಂದಲೇ ಮಾಡುತ್ತಾಳೆ. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನನಗಿಂತ ಮುಂದೆ ಹೋಗು ಅಂತ ನಾನೇ ತಲೆ ಮೇಲೆ ಕೈ ಇಟ್ಟು ಹರಸಿದ್ದೆ. ಹರಸುವಾಗ ಅದು ನಿಜವಾದರೆ ಹೇಗಿರುತ್ತದೆ ಅಂತ ಯೋಚನೆ ಮಾಡಿರಲಿಲ್ಲ.

ಸಮ್ಮೇಳನದ ದಿನ ಬೆಳಗ್ಗೆ ನನ್ನದೂ ಒಂದು ಭಾಷಣ ಇತ್ತು. ಸಣ್ಣ ಊರಿನ ಗಿರಾಕಿಗಳಿಗೆ ವೆಬ್‌ಸೈಟ್ ಯಾಕೆ ಬೇಕು ಅಂತ ಹೇಗೆ ತಿಳಿಸುವುದು ಅನ್ನುವುದು ವಿಷಯ. ಮುಂದಿನ ಸಾಲಿನವರು ಮರ್ಯಾದೆಗೆ ನನ್ನನ್ನು ನೋಡುತ್ತಿದ್ದರು, ಹಿಂದಿನವರು ತಮ್ಮ ಮೊಬೈಲು ನೋಡುತ್ತಿದ್ದರು. ಮುಗಿದಾಗ ಚಪ್ಪಾಳೆ ಬಿತ್ತು, ಬಿದ್ದ ಹಾಗೆ ನಿಂತೂ ಹೋಯಿತು.

ಅವಳದ್ದು ಊಟವಾದ ಮೇಲೆ. ಬಂಗಡೆ ಸಾರು ಅನ್ನ ಉಂಡು ಬಂದವರು ತೂಕಡಿಸುತ್ತಾರೆ, ಪಾಪ ಅಂತ ನಾನು ಅಂದುಕೊಂಡಿದ್ದೆ. ಒಬ್ಬರಾದರೂ ಕಣ್ಣು ಮುಚ್ಚಬೇಕಲ್ಲ! ಕಣ್ಣು ಕಾಣದವರು ವೆಬ್‌ಸೈಟನ್ನು ಹೇಗೆ ಬಳಸುತ್ತಾರೆ ಅನ್ನುವುದು ಅವಳ ವಿಷಯ. ವೇಲನ್ನು ಕಣ್ಣಿಗೆ ಕಟ್ಟಿಕೊಂಡು, ಪರದೆಯ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯವನ್ನು ಮೊಬೈಲಿನಲ್ಲಿ ಹಾಕಿಕೊಂಡು, ತಾನೇ ಹಿಂದೆ ಮಾಡಿದ್ದ ಒಂದು ಹಳೆಯ ಪುಟ ತೆರೆದಳು. ಪುಟದ ಚಿತ್ರಗಳಿಗೆ, ಗುಂಡಿಗಳಿಗೆ ಹೆಸರು ಕೊಡದೆ ಬಿಟ್ಟಿದ್ದಳಂತೆ. ಅವಳು ಬೆರಳು ಎಳೆದ ಹಾಗೆಲ್ಲ ಆ ಮೊಬೈಲು "ಬಟನ್... ಬಟನ್... ಬಟನ್" ಅಂತ ಒಂದೇ ರಾಗ ತೆಗೆಯಿತು. ಯಾವುದು ಏನು ಅಂತ ಅದಕ್ಕೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವಳು ನಾನು.

ಆಮೇಲೆ ಪಟ್ಟಿ ಬಿಚ್ಚಿ, ಏನು ತಪ್ಪು ಮಾಡಿದ್ದೆ, ಹೇಗೆ ಸರಿಮಾಡಿದೆ ಅಂತ ಒಂದೊಂದಾಗಿ ತೋರಿಸಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬರು ತಮ್ಮ ಊರಿನಲ್ಲಿ ಇನ್ನೂ ದೊಡ್ಡ ಸಮ್ಮೇಳನ ನಡೆಸುವವರು. ನನ್ನ ಪಕ್ಕದಲ್ಲೇ ಹಾದು ಸೀದಾ ವೇದಿಕೆಯ ಹತ್ತಿರ ಹೋಗಿ, ಮುಂದಿನ ತಿಂಗಳು ನಮ್ಮಲ್ಲಿ ಇದೇ ಭಾಷಣ ಮಾಡಬೇಕು ಅಂತ ಅವಳನ್ನು ಕರೆದರು. ಅವಳು ನನ್ನ ಕಡೆ ತಿರುಗಿ, ಇದೆಲ್ಲ ನಮ್ಮ ಅಕ್ಕೋರು ಹೇಳಿಕೊಟ್ಟದ್ದು ಅಂದಳು. ನಾನು ನಕ್ಕೆ. ಒಳಗೆ ಸೆಕೆಯಪ್ಪಾ ಅಂತ ಹೊರಗೆ ಹೋಗಿ ನಿಂತೆ. ಅದು ಸೆಕೆ ಅಲ್ಲ, ಹೊಟ್ಟೆಕಿಚ್ಚು. ಈಗ ಬರೆಯಬಲ್ಲೆ, ಅವತ್ತು ಬಾಯಿ ಬಿಟ್ಟು ಒಪ್ಪಿಕೊಳ್ಳುತ್ತಿರಲಿಲ್ಲ.

ಎರಡು ದಿನ ಬಿಟ್ಟು ಅಭಿಪ್ರಾಯಗಳನ್ನು ವಿಂಗಡಿಸಲು ಕುಳಿತೆ. ನಿರೀಕ್ಷೆ ಮಾಡಿದ ಹಾಗೆ ಎಲ್ಲ ಐದು, ಐದು, ಐದು. ಬರೆದದ್ದೂ ಹಾಗೆಯೇ, "ಚಲೋ ಆಗಿತ್ತು", "ಬಹಳ ಉಪಯುಕ್ತ", "ಊಟವೂ ಚಲೋ ಇತ್ತು." ಹೆಸರು ಕೇಳದಿದ್ದರೂ ಜನ ಬಿಡಲಿಲ್ಲ. ಹೊರಗಿನ ಒಬ್ಬ ಭಾಷಣಕಾರರ ಹಾಳೆಯಲ್ಲಿ ಕಾರಣ ಬರೆಯದೆ ಎರಡೇ ನಕ್ಷತ್ರ ಕೊಟ್ಟ ಎರಡು ಅಭಿಪ್ರಾಯಗಳು ಸಿಕ್ಕವು. ತೀರ್ಮಾನ ಆಗಿತ್ತಲ್ಲ, ಯೋಚಿಸದೆ ತೆಗೆದುಹಾಕಿದೆ.

ಆಮೇಲೆ ಅವಳ ಹಾಳೆ ತೆರೆದೆ. ಐದುಗಳ ದೊಡ್ಡ ಪಟ್ಟಿ. ನನಗೆ ಬಿದ್ದದ್ದಕ್ಕಿಂತ ಹೆಚ್ಚು. ಓದುತ್ತ ಹೋದ ಹಾಗೆ ನನ್ನ ಮುಖ ಸಣ್ಣದಾಗುತ್ತ ಹೋಯಿತು. ಕೆಳಗೆ, ಕೊನೆಯ ಹತ್ತಿರ, ಒಂದೇ ಒಂದು ನಕ್ಷತ್ರ. ಅದರ ಮುಂದೆ ಒಂದಕ್ಷರವೂ ಬರೆದಿಲ್ಲ, ಖಾಲಿ.

ತೆಗೆದುಹಾಕಲು ಕೈ ಎತ್ತಿದವಳು ಹಾಗೆಯೇ ಕುಳಿತೆ. ತಲೆಯಲ್ಲಿ ವಕೀಲರು ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತರು. ಮುಚ್ಚಿಡುವುದು ಪ್ರಾಮಾಣಿಕತೆಯಾ? ಬರೀ ಹೊಗಳಿಕೆ ಕೇಳಿ ಅವಳು ಹಾಳಾಗುವುದಿಲ್ಲವಾ? ಹೇಳಿಕೊಟ್ಟವಳಾಗಿ ನನ್ನ ಕರ್ತವ್ಯ ಅಂತ ಒಂದು ಇಲ್ಲವಾ? ಎಲ್ಲರ ಮಾತನ್ನೂ ಕೇಳಿ, ಹಾಳೆಯನ್ನು ಇದ್ದ ಹಾಗೆಯೇ ಕಳಿಸಿಬಿಟ್ಟೆ. ಜೊತೆಗೆ ಒಂದು ಸಾಲು ಬರೆದೆ: "ಒಂದು ನಕ್ಷತ್ರದ್ದೂ ಒಂದು ಉಂಟು. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಗೊತ್ತಿರಲಿ ಅಂತ." ಎದ್ದು ಹೋಗಿ ಚಹಾ ಮಾಡಿಕೊಂಡು ಕುಡಿದೆ. ಚಹಾ ರುಚಿಯಾಗಿತ್ತು.

ಮಧ್ಯಾಹ್ನವೇ ಅವಳ ಫೋನು ಬಂತು.

"ಅಕ್ಕೋರೆ, ಆ ಒಂದು ಯಾರು ಹಾಕಿದ್ದು ಅಂತ ಗೊತ್ತಾಗೂದಿಲ್ಲಾ?"

"ಹೆಸರೇ ಕೇಳಿಲ್ಲ ಮಾರಾಯ್ತಿ, ಹ್ಯಾಂಗೆ ಗೊತ್ತಾಗ್ತದೆ?"

"ನಮ್ಮ ಜನ ಒಂದು ಕೊಡೂದಿಲ್ಲ ಅಕ್ಕೋರೆ. ಹಿಡಿಸದಿದ್ರೂ ನಾಲ್ಕು ಕೊಡ್ತಾರೆ. ಒಂದು ಕೊಡ್ಬೇಕು ಅಂದ್ರೆ ಅವರಿಗೆ ಬಹಳ ನೋವಾಗಿರಬೇಕು." ಆಮೇಲೆ ಕೇಳಿದಳು, "ಎರಡನೇ ಸಾಲಿನಲ್ಲಿ ಒಬ್ರು ಕೋಲು ಹಿಡ್ಕೊಂಡು ಕೂತಿದ್ರಲ್ಲಾ, ಕಣ್ಣು ಕಾಣದವ್ರು. ಅವರೇ ಹಾಕಿರಬೌದಾ?"

ಅವರು ನನಗೆ ಗೊತ್ತು. ಶೆಟಗೇರಿ ಊರಿನವರು, ಕಾರವಾರದಲ್ಲಿ ಒಂದು ಬ್ಯಾಂಕಿನಲ್ಲಿ ಕೆಲಸ. ಅವರನ್ನು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದವಳೂ ನಾನೇ.

"ನಾ ಕಣ್ಣಿಗೆ ಪಟ್ಟಿ ಕಟ್ಕೊಂಡು ಆಟ ಆಡಿದ ಹಾಂಗಾಯ್ತೇನೋ ಅವರಿಗೆ," ಅಂದಳು. "ಎಲ್ಲರೂ ನಗ್ತಿದ್ರು. ಅವರ ದಿನದಿನದ ಕಷ್ಟ ತಗೊಂಡು ನಾ ನಗಿಸ್ದೆ ಅಲ್ದಾ? ಹೌದಾ ಅಕ್ಕೋರೆ? ನಿಮಗೂ ಹಾಂಗೇ ಕಂಡ್ತಾ?"

ಇಲ್ಲ ಅನ್ನಬಹುದಿತ್ತು. ನಾನೂ ನಕ್ಕೆನಲ್ಲ, ಅಂಥದ್ದೇನೂ ಇರಲಿಲ್ಲ ಅನ್ನಬಹುದಿತ್ತು. "ಇರಬಹುದು" ಅಂದೆ. ಒಂದೇ ಒಂದು ಮಾತು. ಆ ಮಾತಿನ ನೆನಪಾದರೆ ಇವತ್ತಿಗೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಒಂದು ವಾರದಲ್ಲಿ ಅವಳು ಹುಬ್ಬಳ್ಳಿಯವರಿಗೆ ಬರುವುದಿಲ್ಲ ಅಂತ ಬರೆದುಬಿಟ್ಟಳು. ಕಣ್ಣು ಕಾಣದವರ ಬಗ್ಗೆ ಮಾತಾಡಿ ಅವರನ್ನೇ ನೋಯಿಸಿದವಳು ಇನ್ನೊಂದು ಊರಿಗೆ ಹೋಗಿ ಅದನ್ನೇ ಹೇಳಲು ತನಗೆ ಮುಖವಿಲ್ಲ ಅಂದಳು. ಹುಬ್ಬಳ್ಳಿಯವರು ಪೇಚಿಗೆ ಬಿದ್ದು ನನಗೆ ಫೋನು ಮಾಡಿದರು. "ಮೇಡಂ, ಅವರಿಗೆ ಕಲಿಸಿದವರು ನೀವೇ ಅಂತಲ್ಲ. ಅದೇ ವಿಷಯ ನೀವು ಮಾತಾಡ್ರಿ." ನಾನು ಎರಡು ಸಲ ಬೇಡ ಅಂದೆ, ಮೂರನೇ ಸಲ ಹೂಂ ಅಂದೆ. ಎರಡು ಸಲ ಬೇಡ ಅನ್ನುವುದೂ ನಮ್ಮ ಕಡೆಯ ರೂಢಿಯೇ.

ಸುದ್ದಿ ತಿಳಿದ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಚಲೋ ಆಯ್ತು ಅಂದಳು. ತಾನು ಮಾಡಿಟ್ಟಿದ್ದ ಸ್ಲೈಡುಗಳನ್ನೆಲ್ಲ, ನಿಮಗೆ ಬೇಕಾದರೆ ಬಳಸಿಕೊಳ್ಳಿ ಅಕ್ಕೋರೆ ಅಂತ ಕಳಿಸಿಕೊಟ್ಟಳು. ನಾನು ಬಳಸಿಕೊಂಡೆ. ಅವಳ ಹೆಸರಿದ್ದ ಮೊದಲ ಸ್ಲೈಡಿನಲ್ಲಿ ನನ್ನ ಹೆಸರು ಹಾಕುವಾಗ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹಾಕಿತು.

ಹುಬ್ಬಳ್ಳಿಗೆ ಹೋಗಲು ಎಂಟು ದಿನ ಇದ್ದಾಗ ಬೆಳಗ್ಗೆ ಕೋಲು ಹಿಡಿದ ಆ ಶೆಟಗೇರಿಯವರ ಫೋನು ಬಂತು. ಹೆಸರು ನೋಡಿದ ಕೂಡಲೇ ನನಗೆ ಸಿಟ್ಟು. ಒಂದು ಕೊಟ್ಟ ಮಹಾನುಭಾವ ಇವನೇ ಅಂತ ನಾನೂ ನಂಬಿಕೊಂಡಾಗಿತ್ತು.

"ಮೇಡಂ, ಅವತ್ತು ಊಟದ ಮೇಲೆ ಮಾತಾಡಿದ್ರಲ್ಲಾ ಅಂಕೋಲೆಯವ್ರು, ಅವರ ನಂಬರ್ ಸಿಗಬೌದಾ? ನಮ್ಮ ಬ್ಯಾಂಕಿನಲ್ಲಿ ನಾವು ದಿನಾ ಕೆಲ್ಸ ಮಾಡೂ ಒಂದು ಪುಟ ಅದೆ, ಅದ್ರಲ್ಲಿ ನಂಗೆ ಅರ್ಧ ಗುಂಡಿ ಸಿಗೂದೇ ಇಲ್ಲ. ಅವರು ಹೇಳಿದ್ದು ನಮ್ಮ ಮೇಲಿನವರಿಗೆ ತಿಳಿಸೂಕೆ ಬೇಕಿತ್ತು."

"ಅವರ ಭಾಷಣ ನಿಮಗೆ ಹಿಡಿಸಿತ್ತಾ?" ಅಂತ ಕೇಳಿದೆ. ದನಿಯಲ್ಲಿ ಕೊಂಕು ಇತ್ತು, ಅವರಿಗೂ ಕೇಳಿಸಿರಬೇಕು.

"ಹಿಡಿಸದೆ ಏನು? ನಮ್ಮ ಜಿಲ್ಲೆಯಲ್ಲಿ ಇದನ್ನ ಬಾಯಿ ಬಿಟ್ಟು ಹೇಳಿದವ್ರೇ ಇಲ್ಲ. ಅಭಿಪ್ರಾಯ ಹಾಕೂಕೆ ಅಂತ ನಿಮ್ಮ ಫಾರ್ಮು ತೆಗ್ದೆ ಮೇಡಂ. ಅದು ಐದು ಸಲ ಬಟನ್ ಬಟನ್ ಅಂತು. ಒಂದನೇದು ಒತ್ತಿದ್ರೆ ಬರಿಯೂಕೆ ಜಾಗ ಬರ್ತದೇನೋ ಅಂತ ಒತ್ತಿದೆ. ಕೆಳಗೆ ಇನ್ನೊಂದು ಬಟನ್ ಇತ್ತು, ಅದನ್ನ ಒತ್ತಿದ್ರೆ ಧನ್ಯವಾದ ಅಂದ್ಬಿಡ್ತು. ವಾಪಸ್ ಹೋದ್ರೆ ಬಿಡ್ಲಿಲ್ಲ. ಏನು ಹೋಯ್ತೋ, ಹೋಗ್ಲಿಲ್ವೋ ನಂಗೆ ಗೊತ್ತಿಲ್ಲ."

ನನ್ನ ನಕ್ಷತ್ರಗಳು. ಬಂಗಾರದ ಬಣ್ಣ ಬಳಿಯಲು ಒಂದು ದಿನ ತೆಗೆದುಕೊಂಡವಳು ಒಂದಕ್ಕೂ ಹೆಸರು ಕೊಟ್ಟಿರಲಿಲ್ಲ. ಬರೆಯುವ ಜಾಗಕ್ಕೂ ಇಲ್ಲ. ಅವಳು ವೇದಿಕೆಯ ಮೇಲೆ ಇದನ್ನೇ ತೋರಿಸುವಾಗ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅದೇ ಹೊತ್ತಿಗೆ ಗೋಡೆಯ ಮೇಲೆ ನನ್ನ ಫಾರ್ಮಿನ ವಿಳಾಸ ಅಂಟಿಸಿತ್ತು.

"ನಿಮಗೆ ಕಳಿಸೂಕೆ ಆಗಿದ್ರೆ ಎಷ್ಟು ಕೊಡ್ತಿದ್ರಿ?" ಅಂತ ಕೇಳಿದೆ.

"ನಾಲ್ಕು," ಅಂದರು, ತಡಮಾಡದೆ. "ಕಣ್ಣಿಗೆ ಬಟ್ಟೆ ಕಟ್ಟಿದ್ದು ನಂಗೆ ಅಷ್ಟು ಸೇರ್ಲಿಲ್ಲ. ನಾ ಅಲ್ಲೇ ಕೂತಿದ್ದೆ ಅಲ್ದಾ? ನನ್ನನ್ನೇ ಕರೀಬಹುದಿತ್ತು, ನಾ ಬಳಸಿ ತೋರಿಸ್ತಿದ್ದೆ. ಅದು ಬಿಟ್ರೆ ಎಲ್ಲಾ ಚಲೋ ಇತ್ತು. ಇದನ್ನ ಅವರಿಗೆ ಹೇಳಿ ಮೇಡಂ, ಬೇಜಾರು ಮಾಡ್ಕೊಳ್ಳೂದಿಲ್ಲ ಅವರು."

ಇಡೀ ಸಮ್ಮೇಳನದಲ್ಲಿ ಉಪ್ಪು ಕಡಿಮೆ ಇತ್ತು ಅಂತ ಬಾಯಿ ಬಿಟ್ಟು ಹೇಳಿದವರು ಅವರೊಬ್ಬರೇ. ಅವರ ಬಾಯಿಗೇ ನಾನು ಬೀಗ ಹಾಕಿದ್ದೆ. ಫಾರ್ಮಿನ ಕಥೆಯನ್ನು ಅವರಿಗೆ ಹೇಳಿ ತಪ್ಪಾಯಿತು ಅಂದೆ. ಅವರು, ಅಯ್ಯೋ ಮೇಡಂ, ನಮಗೆ ದಿನಾ ಇದೇ ಅಲ್ದಾ, ನೀವೊಬ್ರೇ ಏನು ಅಂದರು. ಬೈದಿದ್ದರೆ ವಾಸಿಯಿತ್ತು.

ಹುಬ್ಬಳ್ಳಿಯವರಿಗೆ ಫೋನು ಮಾಡಿದೆ. ಅವಳು ಒಪ್ಪಿದರೆ ಅವಳೇ ಬರುತ್ತಾಳೆ, ಒಪ್ಪದಿದ್ದರೆ ಯಾರೂ ಬರುವುದಿಲ್ಲ ಅಂದೆ. ಅವರು ಸಿಡುಕಿದರು, ಹತ್ತು ದಿನದೊಳಗೆ ಎರಡು ಸಲ ಹೆಸರು ಬದಲಾಯಿಸಿದರೆ ಹೇಗೆ ಅಂತ. ನ್ಯಾಯವೇ. ನಾಳೆ ಸಂಜೆಯೊಳಗೆ ಹೇಳಿ ಅಂದರು. ನಾನು ಅಂಕೋಲೆಯ ಬಸ್ಸು ಹತ್ತಿದೆ. ಅವರ್ಸಾ ದಾಟುವವರೆಗೂ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕುತ್ತಲೇ ಇದ್ದೆ. ಫಾರ್ಮಿನ ತಪ್ಪು ಹೇಳಿದರೆ ಸಾಕು, ಅದು ತಾಂತ್ರಿಕ ತಪ್ಪು, ಯಾರಿಗೂ ಆಗುತ್ತದೆ ಅಂತ ನಿರ್ಧಾರ ಮಾಡಿಕೊಂಡೇ ಇಳಿದೆ.

ಬೊಬ್ರುವಾಡದ ಅವಳ ಮನೆಯ ಜಗಲಿಯಲ್ಲಿ ಕುಳಿತು ಹೇಳಿದೆ. ಐದು ಗುಂಡಿ, ಹೆಸರಿಲ್ಲ, ಮೊದಲನೆಯದನ್ನು ಒತ್ತಿದರು, ಒಂದು ಬಿತ್ತು. ಅವರ ಮನಸ್ಸಿನಲ್ಲಿ ಇದ್ದದ್ದು ನಾಲ್ಕು. ಬಟ್ಟೆ ಕಟ್ಟಿಕೊಂಡದ್ದರ ಬಗ್ಗೆ ಅವರು ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದೆ.

ಅವಳು ಮೊದಲು ಬಾಯಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. "ನಿಮ್ಮ ಫಾರ್ಮೂ ಬಟನ್ ಬಟನ್ ಅಂತಾ? ಅಯ್ಯೋ ದೇವ್ರೇ!" ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಇಷ್ಟು ದಿನದ ಭಾರ ಇಳಿದದ್ದು ಕಾಣುತ್ತಿತ್ತು. "ಅವರು ಹೇಳಿದ್ದು ಖರೇ ಅಕ್ಕೋರೆ. ಅವರನ್ನೇ ಕರೀಬೇಕಾಗಿತ್ತು. ಹುಬ್ಬಳ್ಳಿಗೆ ಅವರಿಗೆ ಬರೂಕೆ ಆಗ್ತದಾ ಕೇಳ್ಬೇಕು." ನನಗೂ ಜೀವ ಬಂದ ಹಾಗಾಯಿತು. ಇಷ್ಟರಲ್ಲೇ ಮುಗಿಯಿತು, ಎದ್ದು ಹೋಗಬಹುದು ಅಂತ ಚೀಲಕ್ಕೆ ಕೈ ಹಾಕಿದೆ.

ಅವಳ ನಗು ನಿಂತಿತ್ತು. ಏನೋ ಲೆಕ್ಕ ತಪ್ಪಿದವಳ ಹಾಗೆ ಹುಬ್ಬು ಗಂಟಿಕ್ಕಿ ಕುಳಿತಿದ್ದಳು.

"ಅದರಲ್ಲಿ ಮಾತೇ ಇರ್ಲಿಲ್ಲ ಅಲ್ದಾ ಅಕ್ಕೋರೆ? ಖಾಲಿ ಇತ್ತು."

"ಹೌದು."

"ಖಾಲಿ ಇದ್ದಿದ್ದು ಕಳಿಸೂದಿಲ್ಲ ಅಂತ ಮೀಟಿಂಗಿನಲ್ಲಿ ನೀವೇ ಹೇಳಿದ್ರಿ. ಬೇರೆ ಯಾರಿಗಾದ್ರೂ ಕಳಿಸಿದ್ರಾ?"

ಮರೆತು ಹೋಯಿತು ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು. ನಂಬಲು ಕಾದು ಕುಳಿತವಳ ಹಾಗೆ ಇತ್ತು ಅವಳ ಮುಖ. ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲ," ಅಂದೆ. "ನಿಂಗೆ ಮಾತ್ರ."

"ಯಾಕೆ?"

"ಅದನ್ನ ನೋಡಿದಾಗ ನಂಗೆ ಖುಷಿ ಆಗಿತ್ತು."

ಒಳಗಿನಿಂದ ಕುಕ್ಕರು ಎರಡು ಸೀಟಿ ಹೊಡೆಯಿತು. ಅವಳು ಒಳಗೆ ಹೋಗಿ ಒಲೆ ಆರಿಸಿ ಬಂದಳು, ಕುಳಿತುಕೊಳ್ಳಲಿಲ್ಲ. ಕಂಬಕ್ಕೆ ಒರಗಿ ಹೊರಗೆ ನೋಡುತ್ತ ನಿಂತಳು. ಹೊಟ್ಟೆಕಿಚ್ಚಿತ್ತು ಮಾರಾಯ್ತಿ, ಕ್ಷಮಿಸು ಅಂದೆ. ಎದ್ದು ಅವಳ ಕೈ ಹಿಡಿಯಬೇಕು ಅನಿಸಿತು, ಹಿಡಿಯುವ ಧೈರ್ಯ ಬರಲಿಲ್ಲ.

"ನಾ ಏನು ಮಾತಾಡಿದ್ರೂ ಮೊದ್ಲು ನಿಮ್ಮ ಮುಖ ನೋಡ್ತಿದ್ದೆ," ಅಂದಳು. "ಅವತ್ತೂ ಅಷ್ಟೇ. ಅಷ್ಟು ಜನ ಇದ್ರು, ನಾ ನಿಮ್ಮನ್ನ ನೋಡ್ಕೊಂಡೇ ಮಾತಾಡಿದ್ದು. ನೀವು ನಗ್ತಿದ್ರಿ. ಸರಿ ಹೋಗ್ತಾ ಅದೆ ಅಂತ ಮಾಡಿದ್ದೆ."

ಹುಬ್ಬಳ್ಳಿಯವರು ನಾಳೆ ಸಂಜೆಯೊಳಗೆ ಹೇಳಬೇಕು ಅಂದಿದ್ದಾರೆ ಅಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೊಂದೇ.

"ಹೋಗ್ತೆ," ಅಂದಳು. "ನಾನೇ ಫೋನ್ ಮಾಡಿ ಹೇಳ್ತೆ ಅವರಿಗೆ. ನೀವು ಮಾತ್ರ ಕೇಳೂಕೆ ಬರ್ಬೇಡಿ."

ಆಯ್ತು ಅಂದೆ. ಅವಳು ಚಪ್ಪಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡೆದು ಬಂದಳು.